ಇಳಿಯುವ ಪುಟ ಇಲ್ಲದ ಪುಸ್ತಕ

ಚಿಂತೆ ಮಾಡುವುದು ಶಾಂತರಾಜುವಿಗೆ ಒಂದು ಕಾಯಿಲೆ ಎಂದು ಅವನ ಹೆಂಡತಿ ನೀಲಾವತಿಯ ಅಭಿಪ್ರಾಯ. ಅದು ಉದ್ಯೋಗ ಎಂದು ಶಾಂತರಾಜುವಿನ ಅಭಿಪ್ರಾಯ.

ಗುಂಡ್ಲುಪೇಟೆಯ ಈರುಳ್ಳಿ, ಟೊಮೆಟೊ ಮಂಡಿಯೊಂದರಲ್ಲಿ ಅವನು ರೈಟರು. ಕೇರಳದ ಕಡೆ ಹೊರಟ ಪ್ರತಿಯೊಂದು ಲಾರಿಯ ಡಬ್ಬಿಯಲ್ಲಿ ಆರ್.ಸಿ., ಇನ್ಶೂರೆನ್ಸು, ಪರ್ಮಿಟ್ಟು, ಬಿಲ್ಲು ಎಲ್ಲ ಇವೆಯೇ ಎಂದು ನೋಡಿ, ಮುಟ್ಟಿ, ಮತ್ತೊಮ್ಮೆ ನೋಡಿ, ಲಾರಿ ಹೊರಟ ಮೇಲೆ ಅದರ ಹಿಂದೆ ಒಂದಿಷ್ಟು ದೂರ ಓಡಿ ಇನ್ನೊಮ್ಮೆ ಕೇಳುವುದು ಅವನ ಕೆಲಸ. ಒಂದು ಕಾಗದ ಕಡಿಮೆಯಾದರೆ ಚೆಕ್‌ಪೋಸ್ಟಿನಲ್ಲಿ ಲಾರಿ ನಿಲ್ಲುತ್ತದೆ. ಲಾರಿ ನಿಂತರೆ ಅಷ್ಟರಲ್ಲಿ ರಾತ್ರಿಯಾಗಿ ಬಂಡೀಪುರ ಕಾಡಿನ ಗೇಟು ಬೀಳುತ್ತದೆ. ಗೇಟು ಬಿದ್ದರೆ ಬೆಳಗಿನವರೆಗೆ ಟೊಮೆಟೊ ಕೂತಲ್ಲೇ ಕೊಳೆಯುತ್ತದೆ. ಒಂದು ಕಾಗದಕ್ಕೂ ಒಂದು ಕೊಳೆತ ಟೊಮೆಟೊಗೂ ಇರುವ ಸಂಬಂಧವನ್ನು ಶಾಂತರಾಜುವಿನಷ್ಟು ಸ್ಪಷ್ಟವಾಗಿ ಕಂಡವರು ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ.

ಈಚೆಗೆ ಡ್ರೈವರುಗಳು ಕಾಗದ ಬಿಟ್ಟು ಫೋನು ತೋರಿಸಲು ಕಲಿತಿದ್ದರು. ಅವರಲ್ಲಿ ಮೊದಲಿಗ ನಂಜಯ್ಯ. ಹಂಗಳದವನು, ಸ್ಟೀರಿಂಗು ಹಿಡಿದೇ ಹುಟ್ಟಿದವನಂತೆ ಲಾರಿ ಓಡಿಸುವವನು.

“ಎಲ್ಲಾ ಇದ್ರೊಳ್ಗೇ ಅದೆ ಕಣ್ರೀ ರೈಟ್ರೇ,” ಎಂದು ಅವನು ಬಿರುಕು ಬಿಟ್ಟ ಫೋನನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದ. “ಗೋರ್ಮೆಂಟೇ ಒಪ್ಕಂಡದೆ. ನೀವ್ಯಾಕ್ ಒಪ್ಕೊಳಲ್ಲ?”

“ಗೋರ್ಮೆಂಟು ಬಂಡೀಪುರದ ಕಾಡೊಳ್ಗೆ ನೆಟ್‌ವರ್ಕ್ ಕೊಟ್ಟದಾ?”

“ಕಾಡೊಳ್ಗೆ ಯಾರ್ ಕೇಳಾರು? ಆನೆ ಅಡ್ಡ ಬಂದ್ರೆ ಅದ್ಕೂ ಆರ್‌ಸಿ ತೋರುಸ್ಬೇಕಾ?”

ಲಾರಿ ತುಂಬುವವರೆಲ್ಲ ನಗುತ್ತಿದ್ದರು. ಶಾಂತರಾಜು ನಗುತ್ತಿರಲಿಲ್ಲ. ಬ್ಯಾಟರಿ ಸತ್ತರೆ? ಫೋನು ಬಿದ್ದರೆ? ಬಿದ್ದ ಫೋನನ್ನು ಆನೆಯೇ ತುಳಿದರೆ? ಇಂಥ ಪ್ರಶ್ನೆಗಳನ್ನು ಅವನು ಚಾಮರಾಜನಗರದ ಸಂಜೆ ಕಾಲೇಜಿನಲ್ಲಿ ಬಿ.ಎ. ಓದುವಾಗಲೂ ಕೇಳುತ್ತಿದ್ದ. ಮೇಷ್ಟರು ಉತ್ತರ ಕೊಡುವ ಬದಲು ಗಡಿಯಾರ ನೋಡುತ್ತಿದ್ದರು.

ಅಂಥ ಮನುಷ್ಯನ ಕೈಗೆ ವಿಮಾನದ ಪುಸ್ತಕ ಸಿಕ್ಕಬಾರದಿತ್ತು. ಸಿಕ್ಕಿತು. ಅದೂ ಅವನ ಅತ್ತೆ ವಿಮಾನ ಹತ್ತಬೇಕಾದ ವಾರದಲ್ಲೇ ಸಿಕ್ಕಿತು.

ಅತ್ತೆ ಮಲ್ಲಾಜಮ್ಮನದು ಸಂತೆಮರಹಳ್ಳಿ. ಇಷ್ಟು ಕಾಲವೂ ಕಂಡವರ ಹೊಲದಲ್ಲಿ ಕಳೆ ಕಿತ್ತು, ಚೆಂಡುಹೂ ಬಿಡಿಸಿ ಬದುಕಿದ ಹೆಂಗಸು. ಊರಿನ ಮಹಿಳಾ ಸಂಘದವರು ಕೂಡಿ ಕಾಶಿಗೆ ಹೋಗುವುದೆಂದು ತೀರ್ಮಾನವಾದಾಗ, ರೈಲು ಬೇಡ, ವಿಮಾನದಲ್ಲೇ ಹೋಗಬೇಕೆಂದು ಹಟ ಹಿಡಿದವಳು ಅವಳೇ. ಸಂಘದ ಹೆಂಗಸರ ಮನೆಯವರು ಒಂದೇ ಷರತ್ತಿನ ಮೇಲೆ ಒಪ್ಪಿದ್ದರು: ಬೋರ್ಡು ಓದಲು, ದಾರಿ ಕೇಳಲು ಇಂಗ್ಲಿಷ್ ಬಲ್ಲ ಒಬ್ಬ ಗಂಡಸು ಜೊತೆಯಲ್ಲಿರಬೇಕು. ಆ ಗಂಡಸು ಶಾಂತರಾಜು. ಅವನು ಹೋಗದಿದ್ದರೆ ಯಾರೂ ಹೋಗುವ ಹಾಗಿಲ್ಲ.

ಅವತ್ತು ಮಧ್ಯಾಹ್ನ ಮಂಡಿಯ ಎದುರಿನ ಲಕ್ಷ್ಮಿದೇವಮ್ಮನ ಗಾಡಿಯಲ್ಲಿ ಅವನು ಮೆಣಸಿನಕಾಯಿ ಬಜ್ಜಿ ತೆಗೆದುಕೊಂಡ. ಮೊದಲ ಬಜ್ಜಿ ಅರ್ಧ ಹೋಗುವಷ್ಟರಲ್ಲಿ ಕೈಯ ಕಾಗದದ ಮೇಲೆ ಕಣ್ಣು ಬಿತ್ತು. ದಪ್ಪ ಕಾಗದ. ಒಳ್ಳೆಯ ಅಚ್ಚು. ಎಣ್ಣೆ ಕುಡಿದು ಅಕ್ಷರಗಳು ಇನ್ನಷ್ಟು ಕಪ್ಪಾಗಿದ್ದವು. ಮೇಲುಗಡೆ ಚೌಕದೊಳಗೆ ಇಂಗ್ಲಿಷಿನಲ್ಲಿ ಬರೆದಿತ್ತು: ಎರಡೂ ಎಂಜಿನ್‌ಗಳು ನಿಂತುಹೋದಾಗ.

ಶಾಂತರಾಜು ಅಗಿಯುವುದನ್ನು ನಿಲ್ಲಿಸಿದ.

ಅದರ ಕೆಳಗೆ ಮೊದಲ ಸಾಲು: ವಿಮಾನವನ್ನು ಹಾರಿಸುತ್ತಲೇ ಇರು. ಆಮೇಲೆ ಒಂದೊಂದೇ ಕೆಲಸ. ಇದನ್ನು ನೋಡು, ಅದನ್ನು ಒತ್ತು, ಇಷ್ಟು ಹೊತ್ತು ಕಾಯಿ, ಆಗದಿದ್ದರೆ ಮುಂದಿನ ಪುಟಕ್ಕೆ ಹೋಗು. ಎಲ್ಲೂ ಅಯ್ಯೋ ಎಂಬ ಮಾತಿಲ್ಲ. ಎರಡೂ ಎಂಜಿನ್ ನಿಂತ ವಿಮಾನದಲ್ಲಿ ಕುಳಿತವನಿಗೆ, ಅಡುಗೆಮನೆಯಲ್ಲಿ ಸೊಸೆಗೆ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹೇಳುವಷ್ಟು ತಣ್ಣಗೆ ಯಾರೋ ಹೇಳಿಕೊಟ್ಟಿದ್ದರು.

“ಅಕ್ಕ, ಈ ಕಾಗ್ದ ಎಲ್ಲಿತ್ತು?”

“ತೂಕಕ್ಕೆ ತಂದಿದ್ದು ಕನಪ್ಪ. ಬೆಂಗ್ಳೂರ್ ಲಾರೀಲಿ ಬತ್ತವೆ. ಯಾನ, ಎಣ್ಣೆ ಜಾಸ್ತಿ ಆಯ್ತಾ?”

ಗಾಡಿಯ ಕೆಳಗೆ ಸೀಮೆಎಣ್ಣೆ ಡಬ್ಬದ ಪಕ್ಕದಲ್ಲಿ ಒಂದು ನೀಲಿ ರಟ್ಟಿನ ಮಹಾಗ್ರಂಥ ಬಿದ್ದಿತ್ತು. ಕಬ್ಬಿಣದ ಉಂಗುರಗಳಿಗೆ ಪೋಣಿಸಿದ ಪುಟಗಳು. ರಟ್ಟಿನ ಮೇಲೆ ವಿಮಾನದ ಚಿತ್ರ. ಶಾಂತರಾಜು ಎಡವಿ ಅದಕ್ಕೆ ಕಾಲು ತಗಲಿಸಿದ, ಕೂಡಲೇ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡ. ತೆರೆದು ನೋಡಿದ. ಮೊದಲರ್ಧ ಪೂರ್ತಿ ಇತ್ತು. ಹಿಂದಿನ ಭಾಗ ಖಾಲಿ.

“ಹಿಂದ್ಗಡೆಯಿಂದ ಯಾಕಕ್ಕ ಹರಿದೆ?”

ಲಕ್ಷ್ಮಿದೇವಮ್ಮನಿಗೆ ನೋವಾಯಿತು. “ಮತ್ತೆ ಮುಂದ್ಲಿಂದ ಅರಿಯಕಾದದಾ? ಮೊದಲ್ನೇ ಪುಟದಲ್ಲಿ ಸರಸ್ವತಿ ಇರ್ತಾಳೆ ಕನಪ್ಪ. ನಾನು ಯಾವತ್ತೂ ಹಿಂದ್ಲಿಂದ್ಲೇ ಅರಿಯದು. ಅಷ್ಟೂ ಗ್ಯಾನ ಇಲ್ವಾ ನಂಗೆ?”

ಭಕ್ತಿ ದೊಡ್ಡದು. ಆದರೆ ಪುಸ್ತಕ ಬರೆದವರು ವಿಮಾನ ಹಾರುವ ಕ್ರಮದಲ್ಲೇ ಬರೆದಿದ್ದರು. ಮೊದಲು ಏರುವುದು, ನಡುವೆ ಹಾರುವುದು, ಆಮೇಲೆ ಅಪಾಯಗಳು, ಕಟ್ಟಕಡೆಗೆ ಇಳಿಯುವುದು. ಶಾಂತರಾಜು ಪರಿವಿಡಿ ನೋಡಿದ. ಇಳಿಯುವ ಅಧ್ಯಾಯ ಎಲ್ಲಕ್ಕಿಂತ ಮೊದಲು ಖರ್ಚಾಗಿತ್ತು.

ಈಗ ಅವನ ತರ್ಕವನ್ನು ಸಾವಧಾನವಾಗಿ ನೋಡಬೇಕು. ಲಾರಿಯ ಕಾಗದ ಲಾರಿಯಲ್ಲಿರಬೇಕು. ವಿಮಾನದ ಪುಸ್ತಕ ವಿಮಾನದಲ್ಲಿರಬೇಕು. ಪುಸ್ತಕ ಗುಂಡ್ಲುಪೇಟೆಯಲ್ಲಿದೆ. ಆದ್ದರಿಂದ ಎಲ್ಲೋ ಒಂದು ವಿಮಾನ ಪುಸ್ತಕವಿಲ್ಲದೆ ಹಾರುತ್ತಿದೆ. ಅದರ ಪೈಲಟ್ಟು ಇಳಿಯುವುದು ಹೇಗೆಂದು ನೋಡಲು ಪಕ್ಕದ ಡಬ್ಬಿಗೆ ಕೈ ಹಾಕುತ್ತಿದ್ದಾನೆ. ಡಬ್ಬಿ ಖಾಲಿ. ರಟ್ಟಿನ ಮೇಲಿದ್ದ ಕಂಪನಿಯ ಹೆಸರನ್ನು ಅತ್ತೆಯ ಟಿಕೆಟ್ಟಿನ ಜೊತೆ ಹೋಲಿಸಿ ನೋಡಿದ. ಅದೇ ಕಂಪನಿ.

ಆ ಮಧ್ಯಾಹ್ನ ಮಂಡಿಯ ರೈಟರು ರಜೆ ಹಾಕಿದ. ಇಂಥದು ಹಿಂದೆ ಅವನ ಮದುವೆಯ ದಿನ ಒಮ್ಮೆ ನಡೆದಿತ್ತು.

ಲಕ್ಷ್ಮಿದೇವಮ್ಮ ನೆನಪು ಮಾಡಿಕೊಂಡು ಹೇಳುತ್ತ ಹೋದಳು, ಶಾಂತರಾಜು ಹುಡುಕುತ್ತ ಹೋದ. ಹಕ್ಕಿ ಎಂಜಿನ್ನಿಗೆ ಬಡಿದರೆ ಎಂಬ ಪುಟ ಕೋಳಿ ಅಂಗಡಿಯಲ್ಲಿ ಸಿಕ್ಕಿತು. ಗಾಜು ಬಿರಿದರೆ ಎಂಬುದು ಕಟಿಂಗ್ ಶಾಪಿನಲ್ಲಿ ಕ್ಷೌರದ ನೊರೆ ಮೆತ್ತಿಕೊಂಡು ಕನ್ನಡಿಯ ಕೆಳಗಿತ್ತು. ಹೊಗೆ ಬಂದರೆ ಎಂಬುದು ಹೈವೇ ಪಕ್ಕದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಶಶಿಕುಮಾರನ ಟೀ ಲೋಟದ ಕೆಳಗಿತ್ತು.

“ಕೊಡ್ತೀನಿ, ಒಂದು ಜೆರಾಕ್ಸ್ ಮಾಡ್ಸಿ ಕೊಟ್ಬುಟ್ಟು ಓಗಿ,” ಎಂದ ಶಶಿಕುಮಾರ.

“ಇದು ವಿಮಾನದ್ದು ಕಣಪ್ಪ.”

“ಹೊಗೆ ಎಲ್ಲಾರ್ದೂ ಒಂದೇ ಅಲ್ವಾ?”

ಇಳಿಯುವ ಅಧ್ಯಾಯ ಮಾತ್ರ ಇಡಿಯಾಗಿ ನಂಜಯ್ಯನ ಲಾರಿ ಹತ್ತಿತ್ತು. ಸಂತೆಯ ದಿನ ಲೋಡಿನವರಿಗೆಲ್ಲ ಅವನು ಮಸಾಲೆ ವಡೆ ಕಟ್ಟಿಸಿಕೊಂಡಿದ್ದ. ಶಾಂತರಾಜು ಫೋನು ಮಾಡಿದಾಗ ನಂಜಯ್ಯ ಗಡಿಯಾಚೆ ಟೀ ಕುಡಿಯುತ್ತಿದ್ದ.

“ಆ ಕಾಗ್ದವಾ? ಗಾಟಿ ಇಳಿಯವಾಗ ಗಾಳಿಗ್ ಬುಟ್ಬುಟ್ಟೊ.”

“ಗಾಟಿ ಇಳಿಯುವಾಗಲೇ?” ಎಂದ ಶಾಂತರಾಜು ಕ್ಷೀಣವಾಗಿ.

“ಊಂ ಕಣ್ರೀ. ಯಾಕೆ, ಏನಾರಾ ಮುಖ್ಯವಾದ್ದಾ?”

ಸಂಜೆಯ ಹೊತ್ತಿಗೆ ಗುಂಡ್ಲುಪೇಟೆಗೆಲ್ಲ ಸುದ್ದಿ ಹಬ್ಬಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಅದು ವಿಮಾನದ ಆರ್.ಸಿ. ಆಗಿತ್ತು. ಮಾರ್ಕೆಟ್ಟಿನಲ್ಲಿ, ಆ ಪುಸ್ತಕ ಸಿಗುವ ತನಕ ವಿಮಾನ ಇಳಿಯಲಾಗದೆ ಮೋಡದ ಮೇಲೇ ಸುತ್ತುತ್ತಿದೆಯಂತೆ ಎಂದಾಯಿತು. ಸಿಕ್ಕ ಪುಟಗಳನ್ನೆಲ್ಲ ಉಂಗುರಕ್ಕೆ ಸೇರಿಸಿ ಶಾಂತರಾಜು ಪುಸ್ತಕವನ್ನು ಮನೆಗೆ ತಂದಿದ್ದ. ಮನೆಯ ಮುಂದೆ ಜನ ಚಪ್ಪಲಿ ಬಿಟ್ಟು ಒಳಗೆ ಬಂದರು. ಎದುರು ಮನೆಯ ಮಹಾಲಕ್ಷ್ಮಮ್ಮ ಪುಸ್ತಕದ ಮೇಲೆ ಎರಡು ಹೂ ಇಟ್ಟು, ಯಾರೂ ನೋಡದ ಹಾಗೆ ಸೊಸೆಯ ಹೆರಿಗೆಯ ಬಗ್ಗೆ ಇದರಲ್ಲಿ ಏನಾದರೂ ಇದೆಯೇ ಎಂದು ಕೇಳಿದಳು.

ಶಾಂತರಾಜು ಹುಡುಕಿದ. ಇತ್ತು. ಹಾರುತ್ತಿರುವಾಗ ಹೆರಿಗೆ ನೋವು ಬಂದರೆ ಏನು ಮಾಡಬೇಕೆಂದು ಅರ್ಧ ಪುಟ ಇತ್ತು.

ಬಂದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಚ್ಚು ಹಿಡಿದವನು ಬಾಗಿಲು ತೆಗೆಯಲು ಹೋದರೆ, ಚಕ್ರ ಕೆಳಗೆ ಬಾರದಿದ್ದರೆ, ಪೈಲಟ್ಟಿಗೇ ತಲೆ ಸುತ್ತಿದರೆ, ಪಕ್ಕದವನಿಗೂ ಅದೇ ಹೊತ್ತಿಗೆ ತಲೆ ಸುತ್ತಿದರೆ. ಒಂದೊಂದಕ್ಕೂ ಪುಟವಿತ್ತು. ಇಬ್ಬರೂ ಒಂದೇ ಊಟ ಮಾಡಬಾರದು, ಒಬ್ಬನಿಗೆ ಹೊಟ್ಟೆ ಕೆಟ್ಟರೆ ಇನ್ನೊಬ್ಬನಾದರೂ ಉಳಿಯಲಿ ಎಂದು ಬರೆದ ಸಾಲನ್ನು ಶಾಂತರಾಜು ಎರಡು ಸಲ ಓದಿದ. ಇಷ್ಟು ದಿನ ತನ್ನನ್ನು ಊರೇ ಆಡಿಕೊಂಡಿತ್ತು. ಇಲ್ಲಿ ನೋಡಿದರೆ ತನಗಿಂತ ನೂರು ಪಟ್ಟು ಹೆದರುವವರು ಒಂದು ಕಡೆ ಕುಳಿತು, ಹೆದರಿಕೆಯನ್ನೆಲ್ಲ ವಿಂಗಡಿಸಿ, ಅಂಚಿಗೆ ಬಣ್ಣ ಹಾಕಿ, ಉಂಗುರಕ್ಕೆ ಪೋಣಿಸಿ ಇಟ್ಟಿದ್ದರು. ಅವರ ಹೆದರಿಕೆಯ ಮೇಲೆ ಅಷ್ಟು ದೊಡ್ಡ ವಿಮಾನ ಹಾರುತ್ತಿತ್ತು.

“ನೀಲಾ,” ಎಂದ ಹೆಂಡತಿಗೆ, “ಇವರು ನಮ್ಮವರು ಕಣೆ.”

“ಯಾರು? ಯಾವ ಕಡೆಯಿಂದ?” ಎಂದಳು ನೀಲಾವತಿ.

ಮರುದಿನ ಅವನು ಪುಸ್ತಕವನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು ಚಾಮರಾಜನಗರದ ಬಸ್ಸು ಹತ್ತಿದ. ಜಿಲ್ಲಾ ಕೇಂದ್ರದಲ್ಲಿ ಕಚೇರಿಗಳಿಗೆ ಬರವಿಲ್ಲ. ಅವನು ಹೋದದ್ದು ಯಾವುದಕ್ಕೆ ಎಂದು ಹೇಳುವುದು ಸೌಜನ್ಯವಲ್ಲ. ಅಲ್ಲಿನ ಮೇಜಿನ ಹಿಂದೆ ಮಲ್ಲಿಕಾರ್ಜುನಸ್ವಾಮಿ ಎಂಬ ಹಿರಿಯ ಅಧಿಕಾರಿ ಕುಳಿತಿದ್ದರು. ಯಾರು ಬಂದರೂ ಕೂರಿಸಿ ಕೇಳುವ ಮನುಷ್ಯ.

“ಕಳೆದುಹೋದ ಸ್ವತ್ತು ಅಂತೀರಾ?”

“ಹೌದು ಸಾರ್.”

“ಕಳ್ಕೊಂಡೋರು ಎಲ್ಲಿದ್ದಾರೆ?”

“ಮೇಲಿದ್ದಾರೆ ಸಾರ್,” ಎಂದು ಶಾಂತರಾಜು ಚಾವಣಿಯ ಕಡೆ ಬೆರಳು ತೋರಿಸಿದ.

ಮಲ್ಲಿಕಾರ್ಜುನಸ್ವಾಮಿ ಕನ್ನಡಕ ತೆಗೆದರು. “ಛೆ. ಯಾವಾಗ ತೀರ್ಕೊಂಡ್ರು?”

“ತೀರ್ಕೊಂಡಿಲ್ಲ ಸಾರ್, ಡ್ಯೂಟೀಲಿದ್ದಾರೆ. ಇಳಿಯೋ ಪುಟ ಇಲ್ದೆ.”

ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಪುಸ್ತಕ ಬಿಚ್ಚಿದ ಮೇಲೆ ಬೇರೆ ಮೇಜಿನವರೂ ಬಂದು ನಿಂತರು. ವಾಹನವಾದ್ದರಿಂದ ಸಾರಿಗೆಯವರಿಗೆ ಸೇರಬೇಕೆಂದು ಒಬ್ಬರು. ಬಜ್ಜಿಯಲ್ಲಿ ಸಿಕ್ಕಿದ್ದರಿಂದ ಆಹಾರದವರಿಗೆ ಎಂದು ಇನ್ನೊಬ್ಬರು. ಇನ್ನೂ ಬೀಳದೆ ಇರುವುದರಿಂದ ವಿಪತ್ತು ನಿರ್ವಹಣೆಯವರು ಮುಟ್ಟುವ ಹಾಗಿಲ್ಲ ಎಂದು ಮೂರನೆಯವರು. ಇಷ್ಟರ ನಡುವೆ ಮಲ್ಲಿಕಾರ್ಜುನಸ್ವಾಮಿ ಓದುತ್ತಲೇ ಇದ್ದರು. ಪುಟ ತಿರುವುತ್ತ ತಿರುವುತ್ತ ಅವರ ಬೆನ್ನು ನೆಟ್ಟಗಾಯಿತು. ಕೊನೆಗೆ ಪುಸ್ತಕ ಮುಚ್ಚಿ ಕಣ್ಣಿಗೊತ್ತಿಕೊಂಡರು.

“ಮೂವತ್ತು ವರ್ಷದ ಸರ್ವೀಸಲ್ಲಿ ಇಂಥಾ ಫೈಲು ನೋಡಿಲ್ಲ ಕಣ್ರಿ. ‘ಮೇಲಧಿಕಾರಿಗಳ ಗಮನಕ್ಕೆ ತರುವುದು’ ಅಂತ ಒಂದು ಕಡೇನೂ ಇಲ್ಲ. ಮಾಡು ಅಂತಲೇ ಇದೆ.”

“ಹಾಗಾದ್ರೆ ತಗೊಳ್ಳಿ ಸಾರ್. ಒಂದು ಸ್ವೀಕೃತಿ ಕೊಟ್ರೆ ಸಾಕು.”

ಅಧಿಕಾರಿಗಳ ಕೈ ಪೆನ್ನಿನ ಹತ್ತಿರ ಹೋಗಿ ಅಲ್ಲೇ ನಿಂತಿತು. “ನಾನು ಸೈನ್ ಹಾಕಿದ್ರೆ ಪುಸ್ತಕ ನಂದಾಯ್ತು. ನಾಳೆ ಏನಾದ್ರೂ ಆದ್ರೆ ವಿಮಾನಾನೂ ನಂದಾಯ್ತು. ರಿಟೈರ್‌ಮೆಂಟ್ ಹತ್ರ ಇದೆ. ಒಂದು ಮಾತು ಹೇಳ್ತೀನಿ ಕೇಳಿ, ನೀವು ಹೇಗೂ ಹತ್ತೋರಿದ್ದೀರಿ. ಡ್ರೈವರ್ ಕೈಗೇ ಕೊಟ್ಬಿಡಿ.”

ಹತ್ತುವುದೇ ಬೇಡ ಎಂದು ಶಾಂತರಾಜು ಅಷ್ಟರಲ್ಲಿ ತೀರ್ಮಾನ ಮಾಡಿಯಾಗಿತ್ತು. ಊರಿಗೆ ಬಂದು ನೋಡಿದರೆ ಮಲ್ಲಾಜಮ್ಮ ಹೊಸ ಸೀರೆ, ಅವಲಕ್ಕಿ, ಉಪ್ಪಿನಕಾಯಿ ಸಮೇತ ಬಂದು ಪಡಸಾಲೆಯಲ್ಲಿ ಕುಳಿತಿದ್ದಳು.

“ಅತ್ತೆ, ಈ ಸಲ ಬೇಡ. ಏರೋಕೆ ಪುಟ ಇದೆ, ಹಾರೋಕೆ ಪುಟ ಇದೆ, ಇಳಿಯೋಕೆ ಇಲ್ಲ. ರೈಲಲ್ಲಿ ಹೋಗೋಣ.”

ಮಲ್ಲಾಜಮ್ಮ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕೇಳಿದಳು. “ಅಳಿಮಯ್ಯ, ನಾನು ಉಟ್ದಾಗ್ಲಿಂದ ಬಗ್ಗೇ ನೋಡೀವ್ನಿ. ನೆಲವ, ಕಳೆಯ, ಚೆಂಡೂವ. ನಾನು ಹೊಲ್ದ ಮೊಕ ನೋಡಿ ನೋಡಿ, ಹೊಲ ನನ್ ಮೊಕ ನೋಡಿ ನೋಡಿ, ಇಬ್ರಿಗೂ ಬ್ಯಾಸ್ರ ಬಂದದೆ. ಒಂದ್ಸಲ ಮ್ಯಾಲಿಂದ ನೋಡ್ಬುಟ್ಟು ಬತ್ತೀನಿ. ರೈಲಲ್ಲಿ ಓದ್ರೆ ಪಕ್ಕದಿಂದ ನೋಡ್ದಂಗಾಯ್ತದೆ. ಪಕ್ಕದಿಂದ ನೋಡೀವ್ನಿ.”

“ಇಳೀದೆ ಹೋದ್ರೆ ಅತ್ತೆ?”

“ಏರಿದ್ದು ಯಾವ್ದು ಇಳೀದೆ ಉಳ್ಕಂಡದೆ? ಮರ ಹತ್ತಿದ ಕೋತಿ ಪುಸ್ತಕ ಓದ್ಕಂಡಾ ಇಳಿಯದು?”

“ಕೋತಿ ಬೇರೆ, ವಿಮಾನ ಬೇರೆ.”

“ಸರಿ. ಆ ಪೈಲೆಟ್ಟಪ್ಪ ಪುಸ್ತಕ ಇಲ್ದೆ ಒದ್ದಾಡ್ತಾವ್ನೆ ಅಂತೀರಿ. ಪುಸ್ತಕ ನಿಮ್ತಾವ್ ಅದೆ. ಕೊಡ್ದೆ ರೈಲಲ್ಲಿ ಓದ್ರೆ ಪಾಪ ಯಾರ್ಗೆ?”

ನೀಲಾವತಿ ಅಡುಗೆಮನೆಯಿಂದಲೇ ಹೇಳಿದಳು: “ನಮ್ಮವ್ವ ಓಗ್ನಿಲ್ಲ ಅಂದ್ರೆ ನಾನು ನಿಮ್ಮತ್ರ ಮಾತಾಡಲ್ಲ.” ಶಾಂತರಾಜು ಆ ಮಾತನ್ನೂ ತೂಕ ಹಾಕಿ ನೋಡಿದ. ಕೊನೆಗೆ ಹೊರಡುವುದೆಂದಾಯಿತು.

ವಿಮಾನ ನಿಲ್ದಾಣದ ಅಂದವನ್ನು ಹೇಳಲು ಇಲ್ಲಿ ಜಾಗವಿಲ್ಲ. ಸಂಘದ ಹೆಂಗಸರು ಒಳಗೆ ಕಾಲಿಟ್ಟವರೇ ದನಿ ತಗ್ಗಿಸಿ, ದೇವಸ್ಥಾನದಲ್ಲಿ ನಡೆಯುವಂತೆ ಗೋಡೆಯ ಪಕ್ಕದಲ್ಲಿ ನಡೆದರು ಎಂದರೆ ಸಾಕು. ತಪಾಸಣೆಯ ಜಾಗದಲ್ಲಿ ಹಳದಿ ಗಂಟು ಯಂತ್ರದೊಳಗೆ ಹೋಗಿ ಹಿಂದಕ್ಕೆ ಬಂತು, ಮತ್ತೆ ಹೋಯಿತು, ಮತ್ತೆ ಬಂತು. ಸಮವಸ್ತ್ರದ ಹೆಂಗಸು ಬಿಚ್ಚಲು ಹೇಳಿದಳು. ಬಿಚ್ಚಿದಾಗ ಕುಂಕುಮ, ಒಣಗಿದ ಹೂ, ವಿಮಾನದ ಚಿತ್ರ, ಮತ್ತು ಮೆಣಸಿನಕಾಯಿ ಬಜ್ಜಿಯ ಘಮ ಒಟ್ಟಿಗೆ ಹೊರಬಂದವು.

“ಕ್ಯಾ ಹೈ ಯೇ?”

ಶಾಂತರಾಜುವಿಗೆ ಮೂರು ಭಾಷೆಯೂ ಒಟ್ಟಿಗೆ ಮರೆತುಹೋದವು. ಮಲ್ಲಾಜಮ್ಮ ಮುಂದೆ ಬಂದಳು. “ಇಮಾನದ ರೆಕಾರ್ಡು ಕಣವ್ವ. ಬುಟ್ಬುಟ್ ಓಗ್ಬುಟ್ಟಿದ್ರು. ತಂದಿವ್ನಿ.” ಆ ಹೆಂಗಸಿಗೆ ಎಷ್ಟು ಅರ್ಥವಾಯಿತೋ. ಇನ್ನೊಬ್ಬ ಸಾಹೇಬನನ್ನು ಕರೆದಳು. ಅವನು ಪುಟಗಳನ್ನು ಒಂದೊಂದಾಗಿ ಒದರಿ ನೋಡಿದ. ಒಂದು ಬಜ್ಜಿಯ ಚೂರು ಬಿತ್ತು. ಕಾಗದವೇ ತಾನೆ ಎಂದು ಬಿಟ್ಟ.

ವಿಮಾನದ ಬಾಗಿಲಲ್ಲಿ ಕೈಮುಗಿದು ನಿಂತಿದ್ದ ಗಗನಸಖಿ ಭಾನು ಮೈಸೂರಿನವಳು. ಶಾಂತರಾಜು ಅವಳ ಕೈಯಲ್ಲಿ ಪುಸ್ತಕವಿಟ್ಟು, “ಮೇಡಂ, ಇದನ್ನ ಪೈಲಟ್ಟರಿಗೆ ಕೊಡಿ. ಇಳಿಯೋ ಪುಟ ಮಾತ್ರ ಸಿಕ್ಕಲಿಲ್ಲ, ಕ್ಷಮಿಸ್ಬೇಕು ಅಂತ ಹೇಳಿ. ಆ ಪುಟ ಸಿಗೋವರೆಗೂ ಹೊರಡೋದು ಬೇಡ,” ಎಂದ. ಹಿಂದೆ ಸಂಘದ ಹೆಂಗಸರು, ಅವರ ಹಿಂದೆ ಇಡೀ ವಿಮಾನದ ಜನ ನಿಂತಿದ್ದರು.

ಭಾನು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮುಂದಿನ ಚಿಕ್ಕ ಬಾಗಿಲಿನಿಂದ ಕ್ಯಾಪ್ಟನ್ ಹೊರಗೆ ಬಂದರು. ನರೆತ ಮೀಸೆ, ಹೆಗಲ ಮೇಲೆ ನಾಲ್ಕು ಪಟ್ಟೆ. ಕೈಯಲ್ಲಿ ನೀಲಿ ಪುಸ್ತಕ. ಅದನ್ನು ಮೂಗಿನ ಹತ್ತಿರ ಹಿಡಿದು ಒಮ್ಮೆ ಮೂಸಿದರು. ದೇವರು ಎದುರಿಗೆ ಬಂದು ನಿಂತರೆ ಮೊದಲು ಹಣೆಯನ್ನು ನೋಡಬೇಕೋ ಪಾದವನ್ನೋ ಎಂದು ತಿಳಿಯದವನಂತೆ ಶಾಂತರಾಜು ಮಧ್ಯದಲ್ಲಿ ಟೈ ನೋಡುತ್ತ ನಿಂತ.

“ಎಷ್ಟು ವರ್ಷವಾಯಿತು ಇದನ್ನು ನೋಡಿ,” ಎಂದರು ಕ್ಯಾಪ್ಟನ್ ನಿಧಾನವಾದ ಇಂಗ್ಲಿಷಿನಲ್ಲಿ. “ಇದನ್ನು ಪೂರ್ತಿ ಚೂರು ಮಾಡಬೇಕಿತ್ತು. ಯಾರೋ ತೂಕಕ್ಕೆ ಹಾಕಿಬಿಟ್ಟಿದ್ದಾರೆ. ಈಗ ನಾವು ಕಾಗದ ಬಿಟ್ಟಿದ್ದೇವೆ. ಎಲ್ಲ ಇದರಲ್ಲೇ ಇದೆ.” ಇನ್ನೊಂದು ಕೈಯಲ್ಲಿ ಸ್ಲೇಟಿನಂಥ ತೆಳು ಯಂತ್ರವಿತ್ತು. ಬೆರಳು ತಾಕಿಸಿದರು. ಬೆಳಗಿತು. ಇಳಿಯುವ ಅಧ್ಯಾಯ ಇಡಿಯಾಗಿ, ಎಣ್ಣೆಯ ಕಲೆಯಿಲ್ಲದೆ, ಬಣ್ಣದ ಚಿತ್ರಗಳ ಸಮೇತ ಬಂದು ನಿಂತಿತು.

ಶಾಂತರಾಜು ನೋಡಿದ. ಎದೆಯ ಮೇಲಿನ ಭಾರ ಇಳಿಯಬೇಕಾಗಿತ್ತು. ಇಳಿಯಲಿಲ್ಲ. ನಂಜಯ್ಯನ ಬಿರುಕು ಬಿಟ್ಟ ಫೋನು ಕಣ್ಣ ಮುಂದೆ ಬಂತು.

“ಸಾರ್, ಕೇಳ್ತೀನಿ ಅಂತ ಬೇಜಾರು ಮಾಡ್ಕೋಬಾರದು. ಬ್ಯಾಟರಿ ಸತ್ತರೆ?”

ಹಿಂದಿನಿಂದ ಯಾರೋ ನಕ್ಕರು. ಕ್ಯಾಪ್ಟನ್ ನಗಲಿಲ್ಲ. “ಒಳಗೆ ಚಾರ್ಜು ಮಾಡುವ ವ್ಯವಸ್ಥೆ ಇದೆ.”

“ಅದೂ ಕೆಟ್ಟರೆ?”

“ಪಕ್ಕದ ಪೈಲಟ್ಟರ ಹತ್ತಿರ ಇಂಥದೇ ಇನ್ನೊಂದು ಇದೆ.”

“ಎರಡೂ ಒಟ್ಟಿಗೆ ಕೈ ಕೊಟ್ಟರೆ ಸಾರ್?”

ಆಗ ಕ್ಯಾಪ್ಟನ್ ಅವನ ಮುಖವನ್ನು ಚೆನ್ನಾಗಿ ನೋಡಿದರು. ಬಹಳ ದೂರದ ಊರಿನಲ್ಲಿ ತಮ್ಮ ಕಡೆಯವರೊಬ್ಬರು ಸಿಕ್ಕಿದಂತೆ ನೋಡಿದರು. ಒಳಗೆ ಹೋಗಿ ಬಂದರು. ಕೈಯಲ್ಲಿ ಒಂದು ಪುಟ್ಟ ಪುಸ್ತಕವಿತ್ತು. ಕಾಗದದ್ದು. ಅಂಚಿಗೆಲ್ಲ ಬಣ್ಣ ಹಾಕಿದ್ದು.

“ಇದು ಸೀಟಿನ ಪಕ್ಕದಲ್ಲೇ ಇರುತ್ತದೆ. ತೀರಾ ಅಪಾಯದ್ದಷ್ಟೇ ಇದರಲ್ಲಿದೆ. ನಮ್ಮ ಕಂಪನಿ ಇದೊಂದನ್ನು ಕಾಗದದಲ್ಲೇ ಉಳಿಸಿಕೊಂಡಿದೆ.”

ಶಾಂತರಾಜು ಕೈಮುಗಿದ. ಯಂತ್ರಕ್ಕೋ, ಪುಟ್ಟ ಪುಸ್ತಕಕ್ಕೋ, ಕ್ಯಾಪ್ಟನ್ನರಿಗೋ ಅವನಿಗೇ ತಿಳಿಯಲಿಲ್ಲ.

“ನಮ್ಮ ಮನೆಯಲ್ಲಿ ನನಗೆ ಚಿಂತೆಯ ಕಾಯಿಲೆ ಅಂತಾರೆ ಸಾರ್,” ಎಂದ, ಯಾಕೆ ಹೇಳಿದೆನೆಂದು ತನಗೇ ಆಶ್ಚರ್ಯವಾಗುತ್ತಿರುವಾಗಲೇ.

“ನಮ್ಮ ಮನೆಯಲ್ಲೂ ಹಾಗೇ ಅನ್ನುತ್ತಾರೆ,” ಎಂದರು ಕ್ಯಾಪ್ಟನ್. “ಆಗೆಲ್ಲ ಹೊಸ ಪುಟ ಕಳಿಸುತ್ತಿದ್ದರು. ಹಳೆಯದನ್ನು ತೆಗೆದು ಹೊಸದನ್ನು ನಾವೇ ಉಂಗುರಕ್ಕೆ ಸೇರಿಸಬೇಕು. ಒಂದು ಪುಟ ತಪ್ಪಿತೇನೋ ಎಂದು ನಾನು ಊಟ ಬಿಟ್ಟು ಎದ್ದು ನೋಡುತ್ತಿದ್ದೆ. ಆ ಕಾಯಿಲೆ ನನಗೆ ವಾಸಿಯಾದ ದಿನ ಈ ಕೆಲಸ ಬಿಡುತ್ತೇನೆ. ಹೋಗಿ ಕುಳಿತುಕೊಳ್ಳಿ. ನಿಮ್ಮ ಹಿಂದೆ ನಿಂತಿರುವ ಅಮ್ಮನಿಗೆ ಕಿಟಕಿ ಕೊಡಿ.”

ವಿಮಾನ ಓಡಿತು, ಓಡಿತು, ಮುಂದಿನ ಚಕ್ರ ನೆಲ ಬಿಟ್ಟಿತು. ಶಾಂತರಾಜು ಕಣ್ಣು ಮುಚ್ಚಿ, ಏರುವ ಪುಟದ ಸಾಲುಗಳನ್ನು ಒಂದೊಂದಾಗಿ ಹೇಳಿಕೊಂಡ. ಒಳಗೆ ಇಬ್ಬರೂ ಅದನ್ನೇ ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಿಕೊಳ್ಳುತ್ತಿರುತ್ತಾರೆ ಎಂಬುದು ಪುಸ್ತಕ ಓದಿ ಈಗ ಅವನಿಗೆ ಗೊತ್ತಿತ್ತು. ಕಣ್ಣು ಬಿಟ್ಟಾಗ ಮಲ್ಲಾಜಮ್ಮ ಹಣೆಯನ್ನು ಗಾಜಿಗೆ ಒತ್ತಿ ಕುಳಿತಿದ್ದಳು. ಕೆಳಗೆ ಹೊಲಗಳು, ಕೆರೆಗಳು, ಒಂದು ರಸ್ತೆ, ರಸ್ತೆಯ ಮೇಲೆ ಅಕ್ಕಿಕಾಳಿನಂಥ ಲಾರಿ.

“ಅಳಿಮಯ್ಯ, ಅದ್ಯಾರ್ ಹೊಲ?”

“ಗೊತ್ತಿಲ್ಲ ಅತ್ತೆ.”

“ಯಾರ್ದಾರಾ ಆಗ್ಲಿ. ಎಷ್ಟ್ ನೇರವಾಗಿ ಸಾಲ್ ಹೊಡ್ದವ್ರೆ ನೋಡಿ. ಕೆಳ್ಗೆ ಬಗ್ಗಿದ್ದಾಗ ಸಾಲು ಮುಗಿಯಾದೇ ಇಲ್ಲ ಅನ್ಸದು. ಇಲ್ಲಿಂದ ಬೆರ್ಳಷ್ಟೂ ಇಲ್ಲ.”

ಆಮೇಲೆ ಮೋಡ ಬಂದು ಹೊಲ ಮುಚ್ಚಿತು. ಅವಳು ಮೋಡವನ್ನೂ ಅಷ್ಟೇ ಗಮನವಿಟ್ಟು ನೋಡಿದಳು. ಕಾಶಿ ಬರುವ ತನಕ ಎಲೆ ಅಡಿಕೆಯ ನೆನಪೂ ಅವಳಿಗಾಗಲಿಲ್ಲ.

ಇಳಿಯುವಾಗ ಶಾಂತರಾಜು ಕುರ್ಚಿಯ ಕೈಯನ್ನು ಹಿಡಿದುಕೊಂಡ. ಕಿವಿ ಕಟ್ಟಿತು. ನೆಲ ಮೇಲಕ್ಕೆ ಬಂತು. ಒಂದು ಸಣ್ಣ ಕುಲುಕು, ಅಷ್ಟೇ. ಗುಂಡ್ಲುಪೇಟೆಯ ಬಸ್ಸು ಹಂಪು ದಾಟುವುದರ ಅರ್ಧದಷ್ಟೂ ಇಲ್ಲ. ವಿಮಾನ ಇನ್ನೂ ಉರುಳುತ್ತಿರುವಾಗಲೇ ಮೈಕಿನಲ್ಲಿ ಇಂಗ್ಲಿಷು, ಹಿಂದಿ ಮುಗಿದು, ಭಾನುವಿನ ದನಿ ಕನ್ನಡದಲ್ಲಿ ಬಂತು:

“ಗುಂಡ್ಲುಪೇಟೆಯ ಶಾಂತರಾಜು ಅವರಿಗೆ ಕ್ಯಾಪ್ಟನ್ ಅವರ ನಮಸ್ಕಾರ. ಇಳಿಯುವ ಪುಟ ಸಿಕ್ಕಿದೆ.”

ಸಂಘದ ಹೆಂಗಸರೆಲ್ಲ ಒಟ್ಟಿಗೆ ತಿರುಗಿ ಅವನನ್ನು ನೋಡಿದರು. ಸಂತೆಮರಹಳ್ಳಿಯಲ್ಲಿ ಇವತ್ತಿಗೂ ಆ ವಿಮಾನವನ್ನು ಇಳಿಸಿದ್ದು ಮಲ್ಲಾಜಮ್ಮನ ಅಳಿಯ ಎಂದೇ ನಂಬಿಕೆ. ಅವನು ಬೇಡ ಬೇಡವೆಂದಷ್ಟೂ ಅದು ಗಟ್ಟಿಯಾಗುತ್ತಿದೆ.

ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಅಲ್ಲಿ ಬಿಟ್ಟು ಬರಬೇಕು. ಮಲ್ಲಾಜಮ್ಮ ಸೀಬೆಹಣ್ಣು ಬಿಟ್ಟಳು. ಶಾಂತರಾಜು ಚಿಂತೆ ಬಿಟ್ಟು ಬರಲಿ ಎಂದು ನೀಲಾವತಿ ಹರಕೆ ಹೊತ್ತ ವಿಷಯ ಬೀದಿಗೆಲ್ಲ ಗೊತ್ತಿತ್ತು. ಊರಿಗೆ ಬಂದ ಮೊದಲ ದಿನವೇ ಲಕ್ಷ್ಮಿದೇವಮ್ಮ ಬಿಸಿ ಬಜ್ಜಿ ಹಿಡಿದು ಕೇಳಿದಳು:

“ಯಾನ ಬುಟ್ಬುಟ್ ಬಂದ್ರಿ ರೈಟ್ರೇ, ಕಾಶೀಲಿ?”

“ಬಜ್ಜಿ.”

ಲಕ್ಷ್ಮಿದೇವಮ್ಮನ ಕೈ ಗಾಳಿಯಲ್ಲೇ ನಿಂತಿತು. “ಚಿಂತೆ ಬುಡ್ತೀರಿ ಅಂತಿದ್ರಲ್ಲ.”

“ಅದನ್ನ ಬಿಟ್ರೆ ವಿಮಾನ ಬಿದ್ದೋಯ್ತದೆ ಅಕ್ಕ,” ಎಂದು ಹೇಳಿ ಶಾಂತರಾಜು ಮಂಡಿಯೊಳಗೆ ನಡೆದ.

ಅಂಗಳದಲ್ಲಿ ನಂಜಯ್ಯನ ಲಾರಿ ಹೊರಟು ನಿಂತಿತ್ತು. ವಾಡಿಕೆಯಂತೆ ಅವನು ಫೋನನ್ನು ಮೂಗಿನ ಹತ್ತಿರ ಹಿಡಿದು, ಬೈಗುಳಕ್ಕೆ ತಯಾರಾಗಿ ನಿಂತ.

“ಫೋನು ಸರಿ,” ಎಂದ ಶಾಂತರಾಜು. ನಂಜಯ್ಯನಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. “ಇನ್ನೊಂದು ಫೋನು ಎಲ್ಲಿ?”

“ಇನ್ನೊಂದ್ಯಾಕೆ?”

“ಕ್ಲೀನರ್ ಹತ್ರ ಇರೋ ಫೋನಲ್ಲೂ ಎಲ್ಲ ಇಳಿಸ್ಕೊಳ್ಳಿ. ಆಮೇಲೆ ಆರ್.ಸಿ., ಪರ್ಮಿಟ್ಟು ಕಾಗದದ್ದೂ ಸೀಟಿನ ಪಕ್ಕದಲ್ಲಿರಲಿ. ಮತ್ತೆ, ನಂಜಯ್ಯನೋರೆ, ಇಬ್ರೂ ಒಂದೇ ಹೋಟ್ಲಲ್ಲಿ ಒಂದೇ ಊಟ ಮಾಡಬೇಡಿ.”

“ಇದ್ಯಾವ್ ನ್ಯಾಯ ಕಣ್ರೀ?”

“ಮೇಲ್ಗಡೆ ನ್ಯಾಯ,” ಎಂದು ಶಾಂತರಾಜು ಆಕಾಶದ ಕಡೆ ಬೆರಳು ತೋರಿಸಿದ.

ನಂಜಯ್ಯ ಆಕಾಶ ನೋಡಿದ, ರೈಟರ ಮುಖ ನೋಡಿದ. ಯಾಕೋ ಎದುರು ಮಾತಾಡಲಾಗಲಿಲ್ಲ. ಕ್ಲೀನರನ ಫೋನು ಬಂತು. ಕಾಗದ ಬಂತು. ಶಾಂತರಾಜು ಮೂರನ್ನೂ ನೋಡಿ, ಮುಟ್ಟಿ, ಪಕ್ಕಕ್ಕೆ ಸರಿದ. ಈರುಳ್ಳಿ ತುಂಬಿದ ಲಾರಿ ಗೇಟು ದಾಟಿ ಹೈವೇ ಹಿಡಿದು, ಕಾಡಿನ ಕಡೆ ವೇಗವಾಗಿ ಓಡಿತು. ಅವತ್ತು ಅವನು ಅದರ ಹಿಂದೆ ಓಡಲಿಲ್ಲ. ಕೈಮುಗಿದು, ಕತ್ತೆತ್ತಿ, ಈಗಲೋ ಆಗಲೋ ಅದರ ಮುಂದಿನ ಚಕ್ರ ನೆಲ ಬಿಡುತ್ತದೆ ಎಂಬಂತೆ ನೋಡುತ್ತ ನಿಂತ.